ತಲೆ ತಿರುಗುದಕ್ಕೆ ಕಾರಣ ಗೊತ್ತಿಲ್ವಂತೆ. ಕೇಳಿದ್ದು ಯಾರು ಮಾರಾಯ್ರೆ?

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ, ನಿಮ್ಮ ಕಾಲನಿಯ ಗ್ರೂಪಿಗೂ ಹಾಕಿ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನ ಯಾವ ದಲಿತ ಕಾಲನಿಗೆ ಬೇಕಾದ್ರೂ ಹೋಗಿ. ಜಗಲಿಯಲ್ಲಿ ಕೂತ ಹೆಂಗಸರ ಹತ್ರ "ಹುಷಾರಿದ್ದೀರಾ?" ಅಂತ ಕೇಳಿ. "ತರೆ ತಿರ್ಗುಂಡು" ಅಂತ ಹೇಳುವವರು ಒಬ್ಬರಾದ್ರೂ ಸಿಗ್ತಾರೆ. ಬಗ್ಗಿ ಎದ್ದರೆ ಕಣ್ಣು ಕತ್ತಲೆ, ಕೊಡಪಾನ ಎತ್ತಿದರೆ ಎದೆ ಡವಡವ, ಗುಡ್ಡೆ ಹತ್ತಿದರೆ ಏದುಸಿರು. ಆಸ್ಪತ್ರೆಗೆ ಹೋಗಿಲ್ವಾ ಅಂತ ಕೇಳ್ಬೇಡಿ. ಹೋಗಿದ್ದಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಹೋಗಿದ್ದಾರೆ. ಚೀಟಿಗಳ ಕಟ್ಟು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ಸಿಕ್ಕಿಸಿಟ್ಟಿದ್ದಾರೆ. ಬಿಡಿಸಿ ನೋಡಿದ್ರೆ ಒಂದರಲ್ಲಿ ಗ್ಯಾಸ್ಟ್ರಿಕ್, ಒಂದರಲ್ಲಿ ಬಿಪಿ ಲೋ, ಇನ್ನೊಂದರಲ್ಲಿ ಟೆನ್ಷನ್. ಕೊನೆಗೆ "ಎಂತ ಅಂತ ಗೊತ್ತಾಗುದಿಲ್ಲ, ರೆಸ್ಟ್ ಮಾಡಿ, ಒಳ್ಳೇದು ತಿನ್ನಿ" ಎಂಬ ಉಪದೇಶ.

ನನ್ನ ಸಿಟ್ಟು ಈ "ಗೊತ್ತಾಗುದಿಲ್ಲ" ಎಂಬ ಮಾತಿನ ಮೇಲೆ. ಗೊತ್ತಾಗದೆ ಇರುವುದು ಬೇರೆ, ಕೇಳದೆ ಇರುವುದು ಬೇರೆ. ನಮ್ಮ ಜನರ ತಲೆತಿರುಗಿಗೆ ಕಾರಣ ಗೊತ್ತಿಲ್ಲದ್ದಲ್ಲ, ಕೇಳದ್ದು.

ನನ್ನ ಚಿಕ್ಕಮ್ಮನ ಕಥೆ ಹೇಳ್ತೇನೆ. ಅಡಿಕೆ ಸುಲಿಯುವ ಕೆಲಸ. ಅವರನ್ನು ಕರಕೊಂಡು ಎರಡು ಕ್ಲಿನಿಕ್ ಸುತ್ತಿದೆ. ಹೆಸರು ಬೇಡ, ಯಾಕಂದ್ರೆ ಇದು ಆ ಎರಡು ಕ್ಲಿನಿಕ್ಕಿನ ಕಥೆ ಮಾತ್ರ ಅಲ್ಲ. ನಮಗಿಂತ ಮೊದಲು ಒಳಗೆ ಹೋದ ತೋಟದ ಧಣಿಗೆ "ಬನ್ನಿ, ಕೂತ್ಕೊಳ್ಳಿ". ಐವತ್ತು ದಾಟಿದ ಚಿಕ್ಕಮ್ಮನಿಗೆ "ಎಂತ ಆಗ್ತದೆ ನಿಂಗೆ?" ಎರಡು ನಿಮಿಷ. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಲಿಲ್ಲ, ರಕ್ತ ಪರೀಕ್ಷೆ ಬರೆಯಲಿಲ್ಲ. "ಒಂದು ಗ್ಲೂಕೋಸ್ ಹಾಕುವ, ಸರಿ ಆಗ್ತದೆ." ಮೂರನೇ ಕಡೆ ಒಬ್ಬರು ಸಿಸ್ಟರ್ ಪಕ್ಕಕ್ಕೆ ಕರೆದು, "ಅಮ್ಮಾ, ಮುಟ್ಟು ನಿಂತಿದ್ಯಾ? ಎಷ್ಟು ದಿನ ಹೋಗ್ತದೆ?" ಅಂತ ಮೆಲ್ಲಗೆ ಕೇಳಿದ್ರು. ತಿಂಗಳುಗಟ್ಟಲೆ ನಿಲ್ಲದೆ ಹೋಗ್ತಿತ್ತಂತೆ. ಹಿಮೋಗ್ಲೋಬಿನ್ 6.8. ಗರ್ಭಕೋಶದಲ್ಲಿ ಗಡ್ಡೆ. ಎಲ್ಲರ ಎದುರು ಬಾಯಿ ಬಿಡದ ಚಿಕ್ಕಮ್ಮ ಆ ಸಿಸ್ಟರ್ ಹತ್ರ ಎಲ್ಲ ಹೇಳಿದ್ರು. ಅಮ್ಮಾ ಅಂತ ಕರೆದು ಕೇಳಿದ್ದಕ್ಕೆ ಹೇಳಿದ್ರು.

ಗೊತ್ತಿಲ್ಲದವರಿಗೆ ಹೇಳ್ತೇನೆ: ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರ್ಬೇಕು, ಗರ್ಭಿಣಿಗೆ 11. ಗರ್ಭಿಣಿಯಲ್ಲದವರಿಗೆ 8ಕ್ಕಿಂತ ಕೆಳಗೆ ಹೋದ್ರೆ ಅದು ತೀವ್ರ ರಕ್ತಹೀನತೆ. ಇನ್ನು ಆ ಗ್ಲೂಕೋಸ್ ಬಾಟ್ಲಿ. ಅರ್ಧ ಲೀಟರಿನ ಶೇಕಡಾ 5ರ ಡೆಕ್ಸ್‌ಟ್ರೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಒಂದು ಗ್ಲಾಸ್ ಬೆಲ್ಲದ ಪಾನಕ ಕುಡಿದ ಹಾಗೆ. ಅದರಲ್ಲಿ ಕಬ್ಬಿಣದ ಅಂಶ ಒಂದು ಚೂರೂ ಇಲ್ಲ. ನೂರಾರು ರೂಪಾಯಿ ಕೊಟ್ಟು ಸಕ್ಕರೆ ನೀರು ಹಾಕಿಸಿಕೊಂಡು, "ಬಾಟ್ಲಿ ಹಾಕಿದ್ರು, ಒಳ್ಳೆ ಡಾಕ್ಟ್ರು" ಅಂತ ನಮ್ಮವರು ಮನೆಗೆ ಬರ್ತಾರೆ. ಎರಡು ದಿನ ಕಳೆದು ಮತ್ತೆ ಕಣ್ಣು ಕತ್ತಲೆ.

ಆಸ್ಪತ್ರೆಯಲ್ಲಿ ಉತ್ತರ ಸಿಗದ ಮೇಲೆ ಜನ ಎಲ್ಲಿಗೆ ಹೋಗ್ತಾರೆ? ಜೋಯಿಸರಲ್ಲಿ ಪ್ರಶ್ನೆ ಇಡ್ತಾರೆ, ಬಲಿಮೆಗೆ ಹೋಗ್ತಾರೆ. ಮತ್ತೆ ಸಾಲ, ಮತ್ತೆ ಕೋಳಿ, ಮತ್ತೆ ಪರಿಹಾರ. ನಾನು ಅದನ್ನು ಒಪ್ಪುವವ ಅಲ್ಲ. ಆದ್ರೆ ಒಂದು ಮಾತು ಹೇಳ್ಳೇಬೇಕು. ಅಲ್ಲಿ ಮನೆ ಯಾವ ದಿಕ್ಕಿಗೆ, ನೀರು ಎಲ್ಲಿಂದ, ಜಾಗ ಯಾರದ್ದು ಅಂತ ಅರ್ಧ ಗಂಟೆ ಕೇಳ್ತಾರೆ. "ಮೂಢನಂಬಿಕೆಯ ಜನ" ಅಂತ ನಮ್ಮನ್ನು ಬೈಯುವ ವಿದ್ಯಾವಂತರು, ಓದಿದ ಡಾಕ್ಟರು ಅದರ ಕಾಲಂಶ ಆದ್ರೂ ಯಾಕೆ ಕೇಳುದಿಲ್ಲ ಅಂತ ಮೊದಲು ಹೇಳಲಿ.

1700ನೇ ಇಸವಿಯಲ್ಲಿ ಇಟಲಿಯ ಮೊಡೆನಾದಲ್ಲಿ ಬೆರ್ನಾರ್ದಿನೊ ರಮಾಜ್ಜಿನಿ ಎಂಬ ವೈದ್ಯ ಕೂಲಿಕಾರರ, ಕುಶಲಕರ್ಮಿಗಳ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ರೋಗಿಯ ಹತ್ರ ಕೇಳುವ ಪ್ರಶ್ನೆಗಳಿಗೆ ಇನ್ನೊಂದು ಸೇರಿಸಿ ಅಂತ ಡಾಕ್ಟರಿಗೆ ಹೇಳಿದ: ನೀನು ಮಾಡುವ ಕೆಲಸ ಯಾವುದು? ಮುನ್ನೂರು ವರ್ಷ ಕಳೀತು. ನಮ್ಮ ಓಪಿಡಿ ಚೀಟಿಯಲ್ಲಿ ಹೆಸರು, ಪ್ರಾಯ, ಊರು ಬರೀತಾರೆ. ಕೆಲಸ ಎಂತದ್ದು ಅಂತ ಬರೆದ ಚೀಟಿಯನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ಕೇಳಿದ್ರೆ ಎಂತೆಲ್ಲ ಗೊತ್ತಾಗ್ತಿತ್ತು ನೋಡಿ.

ಅಡಿಕೆ ತೋಟದಲ್ಲಿ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರು ಯಾರು? ಮೈತುತ್ತು, ಸುಣ್ಣ ಕಲಸುವವರು ಯಾರು? ಮುಖಕ್ಕೆ ಒಂದು ಬೈರಾಸು, ಕೈಗೆ ಗ್ಲೌಸ್ ಇಲ್ಲ. ಈ ಬೋರ್ಡೋ ದ್ರಾವಣವನ್ನೇ ವರ್ಷಗಟ್ಟಲೆ ಸಿಂಪಡಿಸಿದ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶ ಹಾಳಾದದ್ದನ್ನು ಪೋರ್ಚುಗಲ್ಲಿನ ಡಾಕ್ಟರು 1969ರಲ್ಲೇ ದಾಖಲಿಸಿದ್ದಾರೆ. ನಮ್ಮಲ್ಲಿ ಸಂಜೆ ವಾಂತಿ, ತಲೆಸುತ್ತು ಬಂದ್ರೆ "ಬಿಸಿಲಿಗೆ ಆಗಿರ್ಬೇಕು" ಅಂತಾರೆ. ಜಡಿಮಳೆಯ ಆಟಿ ತಿಂಗಳಲ್ಲಿ ಬಿಸಿಲು!

ಸುಳ್ಯ ಕಡೆಯ ರಬ್ಬರ್ ತೋಟ ನೋಡಿ. 1964ರ ಭಾರತ-ಸಿಲೋನ್ ಒಪ್ಪಂದದ ನಂತರ ಬಂದ ತಮಿಳು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರಲ್ಲಿ ಬಹಳ ಜನ ದಲಿತರೇ. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಬೆಳಕು ಹರಿಯುವ ಮೊದಲೇ ಟ್ಯಾಪಿಂಗ್ ಶುರು. ಹೊಟ್ಟೆಗೆ ಒಂದು ಲೋಟ ಕಪ್ಪು ಚಾ, ಅಷ್ಟೇ. ಆಮೇಲೆ ಹಾಲು ಹೆಪ್ಪುಗಟ್ಟಿಸಲು ಆಸಿಡ್ ಕಲಸುವುದು. ಊಟದ ಹೊತ್ತಿಗೆ ಚಾ ಕುಡಿದ್ರೆ ತಿಂದದ್ದರ ಕಬ್ಬಿಣ ಸರಿಯಾಗಿ ಮೈಗೆ ಹತ್ತುದಿಲ್ಲ ಅಂತ ಅವರಿಗೆ ಹೇಳಿದವರು ಯಾರು?

ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು ದಿನವಿಡೀ ಹೊಗೆಸೊಪ್ಪಿನ ಪುಡಿ ಉಸಿರಾಡ್ತಾರೆ. ಬರಿಗಾಲಲ್ಲಿ ಒದ್ದೆ ತೋಟದಲ್ಲಿ ಓಡಾಡುವವರ ಪಾದದ ಚರ್ಮದಿಂದ ಕೊಕ್ಕೆಹುಳ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರ್ತದೆ. ಹುಳದ ಮಾತ್ರೆಯ ಕೆಲಸವನ್ನು ಟೆನ್ಷನ್ ಮಾತ್ರೆ ಮಾಡ್ತದಾ? ಇನ್ನು ಕೆಲಸದ ಜಾಗದಲ್ಲಿ ಕಕ್ಕಸು ಇಲ್ಲದ್ದರಿಂದ ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದೆ ಇರುವ ಹೆಂಗಸರಿದ್ದಾರೆ. ನೀರಿಲ್ಲದ ಮೈ ಎದ್ದು ನಿಂತಾಗ ತಲೆ ತಿರುಗದೆ ಇನ್ನೆಂತ ಆಗ್ಬೇಕು?

ಮನೆಯಲ್ಲಿ ತಲೆ ತಿರುಗಿದ್ರೆ ಗೋಡೆ ಹಿಡ್ಕೊಂಡು ಕೂತ್ಕೊಳ್ಬಹುದು. ಐವತ್ತು ಅಡಿ ಅಡಿಕೆ ಮರದ ತುದಿಯಲ್ಲಿ ತಿರುಗಿದ್ರೆ? ಮರುದಿನ ಪೇಪರಿನಲ್ಲಿ ಎರಡು ಸಾಲು: ಆಯತಪ್ಪಿ ಬಿದ್ದು ಕಾರ್ಮಿಕ ಸಾವು. ಆಯ ತಪ್ಪಿದ್ದು ಯಾಕೆ ಅಂತ ಯಾರೂ ಬರೆಯುದಿಲ್ಲ.

ಕಾನೂನು ಎಂತ ಮಾಡಿತು? 1951ರ ತೋಟ ಕಾರ್ಮಿಕರ ಕಾಯ್ದೆ ಕುಡಿಯುವ ನೀರು, ಕಕ್ಕಸು, ಮದ್ದಿನ ವ್ಯವಸ್ಥೆ ಕೊಡ್ಬೇಕು ಅಂತ ಹೇಳಿತು. ಆದ್ರೆ ಅದು ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾದಂಥ ತೋಟಗಳನ್ನು. ಅಡಿಕೆಯ ಹೆಸರಿರಲಿಲ್ಲ, ಗೇರಿನ ಹೆಸರಿರಲಿಲ್ಲ. ಅಂದ್ರೆ ನಮ್ಮ ಮೂರು ತಾಲೂಕಿನ ಹೊಟ್ಟೆಪಾಡಿನ ಹೆಸರೇ ಇರಲಿಲ್ಲ.

ಗೇರು ಅಂದಾಗ ಎಂಡೋಸಲ್ಫಾನ್ ನೆನಪಾಗದವರು ಈ ಊರಿನವರೇ ಅಲ್ಲ. ಗೇರು ಅಭಿವೃದ್ಧಿ ನಿಗಮದ ಗುಡ್ಡೆಗಳ ಮೇಲೆ 1980ರ ದಶಕದಿಂದ ಹೆಲಿಕಾಪ್ಟರಿನಲ್ಲಿ ವಿಷ ಸುರಿದರು. ಕೊಕ್ಕಡದಿಂದ ಕೊಯಿಲದವರೆಗೆ, ಅತ್ತ ಕಾಸರಗೋಡಿನ ಎಣ್ಮಕಜೆವರೆಗೆ ಮಕ್ಕಳು ಮಲಗಿದಲ್ಲೇ ಉಳಿದರು. ಆ ವಿಷ ಮೊದಲು ಹಿಡಿಯುವುದೇ ನರಮಂಡಲವನ್ನು: ತಲೆಸುತ್ತು, ತಲೆನೋವು, ವಾಂತಿ, ಜಾಸ್ತಿಯಾದ್ರೆ ಫಿಟ್ಸ್. ಆಗಲೂ "ಕಾರಣ ಗೊತ್ತಿಲ್ಲ" ಅಂದ್ರು, ದೈವದ ಶಾಪ ಅಂದ್ರು. ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಎಂಬ ಹಳ್ಳಿ ಡಾಕ್ಟರು, ಇದೇ ಜಾಗದ ಜನರಿಗೆ ಇಷ್ಟೊಂದು ಕಾಯಿಲೆ ಯಾಕೆ ಅಂತ ಕೇಳಿದ್ರು. ಪತ್ರಕರ್ತ ಶ್ರೀಪಡ್ರೆ ಬರೆದ್ರು. ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದ್ರು. ಕೊನೆಗೆ 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ನಿಷೇಧ ಹೇರಿತು. ಮೊದಲ ಪ್ರಶ್ನೆ ಕೇಳಿದ್ದು ಇಂಥ ಬೆರಳೆಣಿಕೆಯ ಜನ. ಅವರು ಕೇಳದಿದ್ರೆ ಅದು ಇವತ್ತಿಗೂ ಶಾಪವೇ ಆಗಿರ್ತಿತ್ತು.

ಈಗ "ಒಳ್ಳೇದು ತಿನ್ನಿ" ಎಂಬ ಉಪದೇಶಕ್ಕೆ ಬರ್ತೇನೆ. ದಾಳಿಂಬೆ, ಬೀಟ್‌ರೂಟ್, ಖರ್ಜೂರ, ಬಾದಾಮಿ. ಈ ಪಟ್ಟಿ ಯಾರ ಅಡಿಗೆಮನೆಯಿಂದ ಬಂತು? ಉದ್ಯೋಗ ಖಾತರಿಯಲ್ಲಿ 2025-26ರ ದಿನಗೂಲಿ 370 ರೂಪಾಯಿ. ಅದರಲ್ಲಿ ದಾಳಿಂಬೆ ತಿಂದು ರಕ್ತ ಮಾಡ್ಕೊಳ್ಬೇಕಾ? ಬಣ್ಣ ಕೆಂಪು ಅಂತ ಅದರಲ್ಲಿ ರಕ್ತ ಇಲ್ಲ ಮಾರಾಯ್ರೆ, ಕಬ್ಬಿಣವೂ ಕಮ್ಮಿಯೇ. ಮಾಂಸ, ಲಿವರ್, ಮೀನು, ಮರುವಾಯಿಯ ಕಬ್ಬಿಣ ಸೊಪ್ಪು-ತರಕಾರಿಯದಕ್ಕಿಂತ ಎಷ್ಟೋ ಚೆನ್ನಾಗಿ ಮೈಗೆ ಹತ್ತುತ್ತದೆ ಅಂತ ವೈದ್ಯಶಾಸ್ತ್ರವೇ ಹೇಳ್ತದೆ. ಅದನ್ನು ಹೇಳಲು ಬಾಯಿಗೆ ಮಡಿ ಅಡ್ಡ ಬರ್ತದೆ. ಬಡವರಿಗೆ ಅಗ್ಗಕ್ಕೆ ಸಿಗ್ತಿದ್ದ ದನದ ಮಾಂಸವನ್ನು 2020ರ ಗೋಹತ್ಯೆ ನಿಷೇಧ ಕಾಯ್ದೆ ತಟ್ಟೆಯಿಂದ ಕಿತ್ತುಕೊಂಡಿತು. 2023ರಲ್ಲಿ ಸರಕಾರ ಬದಲಾಯಿತು, ಕಾಯ್ದೆ ಬದಲಾಗಲಿಲ್ಲ. 2021ರಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡ್ತೇವೆ ಅಂದ್ರೆ ಮಠಾಧೀಶರು ಬೀದಿಗಿಳಿದರು. ತಟ್ಟೆಯಿಂದ ಕಬ್ಬಿಣ ತೆಗೆಯುವುದು ನೀವೇ, "ನಿಂಗೆ ರಕ್ತ ಕಮ್ಮಿ" ಅನ್ನುವುದೂ ನೀವೇ!

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ಪ್ರಾಯದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರಿಗೆ. 2018ರ ಯುಎನ್ ವುಮೆನ್ ವರದಿ ಹೇಳಿದ್ದು ಇದಕ್ಕಿಂತ ಕ್ರೂರ: ನಮ್ಮ ದೇಶದಲ್ಲಿ ದಲಿತ ಹೆಂಗಸರು ತೀರಿಕೊಳ್ಳುವ ಸರಾಸರಿ ಪ್ರಾಯ ಮೇಲ್ಜಾತಿ ಹೆಂಗಸರದ್ದಕ್ಕಿಂತ 14.6 ವರ್ಷ ಕಮ್ಮಿ. ಹದಿನಾಲ್ಕೂವರೆ ವರ್ಷ! ಜಾತಿ ಈಗ ಎಲ್ಲುಂಟು ಅಂತ ಕೇಳುವವರಿಗೆ ಇದನ್ನು ತೋರಿಸಿ.

ನಮ್ಮವರಿಗೆ ಒಂದೆರಡು ಮಾತು. ತಲೆ ತಿರುಗುದು ಅಂತ ಆಸ್ಪತ್ರೆಗೆ ಹೋದ್ರೆ ಸುಮ್ಮನೆ ಬಾಟ್ಲಿ ಹಾಕಿಸಿಕೊಂಡು ಬರ್ಬೇಡಿ.

– ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಹಿಮೋಗ್ಲೋಬಿನ್, ಶುಗರ್ ಎರಡೂ. ಸಂಖ್ಯೆ ಚೀಟಿಯಲ್ಲಿ ಬರೆಸಿಕೊಳ್ಳಿ.
– ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಹೇಳಿ.
– ನಿಮ್ಮ ಕೆಲಸ ಎಂತ, ಯಾವ ಮದ್ದು ಬಿಡ್ತೀರಿ, ಬೇರೆ ಮಾತ್ರೆ ಯಾವುದು ತಿಂತೀರಿ, ಮುಟ್ಟು ಎಷ್ಟು ದಿನ ಹೋಗ್ತದೆ, ಕೇಳದಿದ್ರೂ ಹೇಳಿ. ನಾಚಿಕೆ ಬೇಡ.
– ತಲೆ ಆಚೀಚೆ ತಿರುಗಿಸಿದಾಗ, ಮಗ್ಗುಲು ಬದಲಿಸಿದಾಗ ಮಾಡೇ ಸುತ್ತಿದ ಹಾಗೆ ಆದ್ರೆ ಅದು ಕಿವಿಯ ಒಳಗಿನ ತೊಂದರೆ ಇರಬಹುದು. ಅದನ್ನೂ ಬಿಡಿಸಿ ಹೇಳಿ.
– ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗ್ತದೆ, ಹೆದರ್ಬೇಡಿ. ಚಾದ ಜೊತೆ ತಿನ್ಬೇಡಿ. ನಿಂಬೆ, ನೆಲ್ಲಿಕಾಯಿ ಜೊತೆ ಒಳ್ಳೇದು. ಡಾಕ್ಟರ್ ಹೇಳಿದಷ್ಟು ತಿಂಗಳು ಬಿಡದೆ ತಿನ್ನಿ.
– ಮಾತು ತೊದಲಿದ್ರೆ, ಒಂದು ಬದಿ ಕೈಕಾಲು ಸೋತರೆ, ಎದೆನೋವು ಬಂದ್ರೆ, ಪ್ರಜ್ಞೆ ತಪ್ಪಿದ್ರೆ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಮದ್ದು ಬಿಟ್ಟ ಮೇಲೆ ಬಾಯಲ್ಲಿ ನೀರು, ವಾಂತಿ, ಬೆವರು ಬಂದ್ರೆ ಬಟ್ಟೆ ಬದಲಿಸಿ, ಮೈ ಸೋಪು ಹಾಕಿ ತೊಳೆದು, ಆ ಮದ್ದಿನ ಡಬ್ಬಿಯನ್ನೂ ಹಿಡ್ಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಸರಕಾರಕ್ಕೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಓಪಿಡಿ ಚೀಟಿಯಲ್ಲಿ "ಕೆಲಸ" ಅಂತ ಒಂದು ಸಾಲು. ಮೂರೂ ತಾಲೂಕಿನ ಪ್ರತಿ ಕಾಲನಿಯಲ್ಲಿ ವರ್ಷಕ್ಕೆ ಎರಡು ಸಲ ಹಿಮೋಗ್ಲೋಬಿನ್ ಪರೀಕ್ಷೆ, ಹುಳದ ಮಾತ್ರೆ. ಅಡಿಕೆ, ಗೇರು ಕೆಲಸದವರಿಗೂ ಕಾನೂನಿನಲ್ಲಿ ನೀರು, ಕಕ್ಕಸು, ಮದ್ದು ಬಿಡುವಾಗ ಮಾಸ್ಕ್, ಗ್ಲೌಸ್. ನಮ್ಮ ತಟ್ಟೆಯ ಮೇಲೆ ಕೂತ ಕಾನೂನು ವಾಪಸ್. ಇದಕ್ಕೆ ಬೇಕಾದ್ದು ಕೋಟಿಗಿಂತ ಹೆಚ್ಚಾಗಿ ಮನಸ್ಸು.

ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿದವರು. ಕೂಲಿಕಾರನ ಮೈಗೆ ಆಗುವ ನಷ್ಟ ಅವನ ಹಣೆಬರಹ ಅಲ್ಲ, ಅದಕ್ಕೆ ಸರಕಾರವೂ ಧಣಿಯೂ ಉತ್ತರ ಕೊಡ್ಬೇಕು ಎಂಬ ದಾರಿಯಲ್ಲಿ ಕೆಲಸ ಮಾಡಿದವರು. ಅವರ ಫೋಟೋಕ್ಕೆ ಹಾರ ಹಾಕುವ ತಾಲೂಕು ಆಡಳಿತಗಳು ಮುಂದಿನ ಏಪ್ರಿಲ್ 14ಕ್ಕೆ ಭಾಷಣದ ಜೊತೆ ಒಂದು ರಕ್ತ ಪರೀಕ್ಷೆ ಶಿಬಿರವನ್ನೂ ಇಡಲಿ. ಸಂಘಟನೆಯ ಗೆಳೆಯರೇ, ಈ ವಾರವೇ ನಿಮ್ಮ ಕಾಲನಿಯಲ್ಲಿ ಎಷ್ಟು ಹೆಂಗಸರಿಗೆ ತಲೆ ತಿರುಗ್ತದೆ, ಎಷ್ಟು ಜನರ ಹಿಮೋಗ್ಲೋಬಿನ್ ಒಮ್ಮೆಯೂ ನೋಡಿಲ್ಲ ಅಂತ ಪಟ್ಟಿ ಮಾಡಿ. ತಾಲೂಕು ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಆ ಪಟ್ಟಿ ಇಟ್ಟು ಸ್ವೀಕೃತಿಗೆ ಸಹಿ, ಸೀಲು ಹಾಕಿಸಿಕೊಂಡು ಬನ್ನಿ.

ಜೈ ಭೀಮ್.