ಶಾಲೆಯಿಂದ ಫೋನ್ ಬಂದರೆ ದಯವಿಟ್ಟು ಬನ್ನಿ

ಬೆಂಗಳೂರಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ ನಾನು. ದುಡಿಯಲು ಹೋಗುವ ತಂದೆತಾಯಂದಿರಲ್ಲಿ ಒಂದು ವಿಷಯ ಕೇಳಿಕೊಳ್ಳಬೇಕಾಗಿದೆ.

ಮಳೆಗಾಲ ಹಿಡಿಯಿತೆಂದರೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಯಾವುದಾದರೊಂದು ತರಗತಿಯಲ್ಲಿ ಮಗು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತದೆ. ಮುಟ್ಟಿದರೆ ಮೈ ಸುಡುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೇ ಏಕೆ ಎಂಬುದು ನಿಮಗೂ ಗೊತ್ತು. ಬೆಳಿಗ್ಗೆ ಏಳೂವರೆಗೆ ಕುಡಿಸಿ ಕಳಿಸಿದ ಪ್ಯಾರಸಿಟಮಾಲ್ ಸಿರಪ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ ಮಾತ್ರ. ಅದು ಜ್ವರ ಇಳಿಸುತ್ತದೆ, ಜ್ವರ ತಂದ ಕಾಯಿಲೆಯನ್ನು ತೆಗೆಯುವುದಿಲ್ಲ.

ನಾವು ಫೋನ್ ಮಾಡುತ್ತೇವೆ. "ಮೀಟಿಂಗ್‌ನಲ್ಲಿದ್ದೀನಿ ಮಿಸ್, ಸಾಯಂಕಾಲ ವ್ಯಾನಿನಲ್ಲೇ ಕಳಿಸಿಬಿಡಿ" ಎನ್ನುತ್ತೀರಿ. "ಬ್ಯಾಗಲ್ಲಿ ಸಿರಪ್ ಇದೆ, ಒಂದು ಮುಚ್ಚಳ ಹಾಕಿ" ಎನ್ನುತ್ತೀರಿ. ಆ ಸಿರಪ್ಪು 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಎಷ್ಟು ಹಾಕಬೇಕೆನ್ನುವುದು ಮಗುವಿನ ತೂಕದ ಮೇಲೆ ನಿಂತಿದೆ. ಬೆಳಿಗ್ಗೆ ಎಷ್ಟು, ಯಾವಾಗ ಕೊಟ್ಟಿರೆಂದು ತಿಳಿಯದೆ ನಾವು ಹೇಗೆ ಕೊಡುವುದು? ನಮ್ಮ ಆಯಾ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾರೆ, ನೀರು ಕುಡಿಸುತ್ತಾರೆ. ಅಲ್ಲಿಗೆ ನಮ್ಮ ಕೈಲಾದದ್ದು ಮುಗಿಯಿತು.

ಡೆಂಗಿಯ ವಿಷಯದಲ್ಲಿ ನನಗೆ ನಿಜವಾಗಿ ಭಯವಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿ ಅಧಿಸೂಚನೆ ಹೊರಡಿಸಿತು. ಡೆಂಗಿಯಲ್ಲಿ ಅಪಾಯ ಹೆಚ್ಚುವುದು ಜ್ವರ ಏರಿದಾಗಲ್ಲ, ಮೂರು ದಿನ ಕಳೆದು ಜ್ವರ ಇಳಿಯತೊಡಗಿದಾಗ. "ಜ್ವರ ಬಿಟ್ಟಿದೆ" ಎಂದು ನೀವು ಯೂನಿಫಾರ್ಮ್ ಹಾಕಿ ಕಳಿಸುವ ದಿನವೇ ಅದು. ಆಗ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಎಬ್ಬಿಸಿದರೂ ಏಳದಷ್ಟು ಸುಸ್ತು ಕಂಡರೆ ಸಾಯಂಕಾಲದವರೆಗೆ ಕಾಯುವ ಹಾಗಿಲ್ಲ. ಶಾಲೆಯವರು ಸುಮ್ಮನೆ ಗಾಬರಿ ಮಾಡುತ್ತಾರೆ ಅಂದುಕೊಳ್ಳಬೇಡಿ. ಹಾಗೆಯೇ ಸೀತಾಳೆ ಸಿಡುಬಿನ ಗುಳ್ಳೆಗಳೆಲ್ಲ ಹಕ್ಕಳೆಗಟ್ಟುವವರೆಗೆ, ಮಂಗನಬಾವು ಬಂದರೆ ಊತ ಕಂಡ ಮೇಲೆ ಐದು ದಿನ, ಮಗು ಮನೆಯಲ್ಲೇ ಇರಲಿ. ಪಕ್ಕದಲ್ಲಿ ಕೂರುವುದೂ ಯಾರದೋ ಮನೆಯ ಮಗುವೇ.

ಬರುವುದು ಸುಲಭವಲ್ಲ ಎಂಬುದನ್ನು ಬಲ್ಲೆ. ಎಷ್ಟೋ ಗಾರ್ಮೆಂಟ್ಸ್‌ಗಳಲ್ಲಿ ಮೊಬೈಲನ್ನು ಒಳಗೆ ಒಯ್ಯಲು ಬಿಡುವುದಿಲ್ಲ. ಅರ್ಧ ದಿನ ಎದ್ದು ಬಂದರೆ ಸಂಬಳವೂ ಹೋಯಿತು, ಅಟೆಂಡೆನ್ಸ್ ಬೋನಸ್ಸೂ ಹೋಯಿತು. ಇಎಸ್‌ಐನಲ್ಲಿ ಕಾಯಿಲೆ ರಜೆಯ ಹಣ ಸಿಗುವುದು ಕೆಲಸಗಾರ್ತಿಗೇ ಕಾಯಿಲೆಯಾದರೆ. ಮಗುವಿಗೆ ಜ್ವರ ಬಂದರೆ ಇಲ್ಲ. ರಾಜ್ಯ ಸರ್ಕಾರ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ತಂದಿತು, ಅದು ಸರ್ಕಾರಿ ನೌಕರಿಯ ಮಹಿಳೆಯರಿಗೆ. ಆದ್ದರಿಂದ ಕಾರ್ಖಾನೆ ಮಾಲೀಕರಲ್ಲಿ, ಸೂಪರ್‌ವೈಸರ್‌ಗಳಲ್ಲಿ, ಆಫೀಸಿನ ಮ್ಯಾನೇಜರ್‌ಗಳಲ್ಲೂ ಕೈಮುಗಿದು ಕೇಳುತ್ತೇನೆ: ಶಾಲೆಯಿಂದ ಫೋನ್ ಬಂತೆಂದು ಹೊರಟವರನ್ನು ತಡೆಯಬೇಡಿ, ಅವರ ಬೋನಸ್ ಕಿತ್ತುಕೊಳ್ಳಬೇಡಿ.

ಇನ್ನು ಅಪ್ಪಂದಿರಿಗೆ ಒಂದು ಮಾತು. ಡೈರಿಯಲ್ಲಿ ಇಬ್ಬರ ನಂಬರೂ ಇರುತ್ತದೆ. ನಿಮಗೆ ಮಾಡಿದರೆ "ಅವಳಿಗೆ ಮಾಡಿ ಮಿಸ್, ಅವಳು ನೋಡ್ಕೋತಾಳೆ" ಎನ್ನುತ್ತೀರಿ. ಅವಳೂ ನಿಮ್ಮ ಹಾಗೆ ಕೆಲಸದಲ್ಲಿರುತ್ತಾಳೆ, ಅವಳಿಗೂ ಮೇಲಿನವರು ಬೈಯುತ್ತಾರೆ. ಪ್ರತಿ ಸಲವೂ ಅವಳೇ ಬಂದರೆ ಕೊನೆಗೆ ಕೆಲಸ ಬಿಡುವವಳೂ ಅವಳೇ. ಈ ಸಲ ಅವಳು ಬಂದರೆ ಮುಂದಿನ ಸಲ ನೀವು ಬನ್ನಿ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಮಾತು. "ಅಮ್ಮಂಗೆ ಫೋನ್ ಮಾಡ್ಬೇಡಿ ಮಿಸ್, ಬೈತಾರೆ" ಎಂದು ಜ್ವರದಲ್ಲಿ ನಡುಗುತ್ತಲೇ ಬೇಡಿಕೊಳ್ಳುವ ಮಕ್ಕಳಿದ್ದಾರೆ. ವಾಂತಿಯನ್ನು ತಡೆದುಕೊಂಡು ಕೂರುವವರಿದ್ದಾರೆ. ಆರು ವರ್ಷದ ಮಗುವಿಗೆ ತನ್ನ ಕಾಯಿಲೆ ತಾನು ಮಾಡಿದ ತಪ್ಪು ಅನ್ನಿಸಿಬಿಟ್ಟಿದೆ. ಓಡೋಡಿ ಬರುವಾಗ ನಿಮ್ಮ ತಲೆಯಲ್ಲಿ ನೂರು ಯೋಚನೆ ಇರುತ್ತದೆ, ನಿಜ. ಆದರೂ ಗೇಟಿನಲ್ಲೇ "ಮತ್ತೆ ಶುರುವಾಯ್ತಾ ನಿಂದು?" ಎನ್ನಬೇಡಿ. ಹಾಗೆ ಅನ್ನಿಸಿಕೊಂಡ ಮಗು ಮುಂದಿನ ಸಲ ಹೊಟ್ಟೆನೋವನ್ನು ಯಾರಿಗೂ ಹೇಳುವುದಿಲ್ಲ.

ಇವತ್ತು ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ: ನಾಳೆ ಫೋನ್ ಬಂದರೆ ಯಾರು ಹೊರಡುವುದು? ಇಬ್ಬರಿಗೂ ಆಗದಿದ್ದರೆ ಅಜ್ಜಿಯೋ, ಚಿಕ್ಕಪ್ಪನೋ, ಪಕ್ಕದ ಮನೆಯವರೋ? ಅವರ ಹೆಸರು, ನಂಬರ್, ಫೋಟೋ ಇಟ್ಟು ಶಾಲೆಗೊಂದು ಪತ್ರ ಕೊಡಿ. ಗುರುತಿಲ್ಲದವರ ಜೊತೆ ನಾವು ಮಗುವನ್ನು ಕಳಿಸುವಂತಿಲ್ಲ. ಫೋನ್ ಒಳಗೊಯ್ಯಲು ಬಿಡದ ಕಡೆ ಕೆಲಸ ಮಾಡುವವರು ಅಲ್ಲಿನ ಆಫೀಸಿನ ನಂಬರನ್ನೂ ಬರೆದುಕೊಡಿ. ಏಕಪೋಷಕರಾಗಿದ್ದು ಯಾರೂ ಇಲ್ಲವೆಂದಾದರೆ ಸಂಕೋಚ ಬಿಟ್ಟು ನಮಗೆ ಹೇಳಿ, ಅದೇ ಬೀದಿಯ ಇನ್ನೊಂದು ಮಗುವಿನ ಮನೆಯವರನ್ನು ನಾವೇ ಕೇಳುತ್ತೇವೆ.