ತಾರೆಯ ಹೆಸರು, ತಾಲೂಕಿನ ಇಸಿಜಿ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡಾಗ ಕರ್ನಾಟಕದ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಯ ಸಾಲು ಉದ್ದವಾಯಿತು. ಸರ್ಕಾರ ಅವರ ಹೆಸರಿನಲ್ಲೇ ‘ಹೃದಯಜ್ಯೋತಿ’ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗರಿಗೆ ಉನ್ನತ ಹೃದಯ ಚಿಕಿತ್ಸೆಗೆ ಮಂಗಳೂರೇ ಗತಿ. ಚಾರ್ಮಾಡಿಯ ತಪ್ಪಲಿನಿಂದ ಅದು ಸುಮಾರು ಎರಡು ಗಂಟೆಯ ಹಾದಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್‌ನಲ್ಲೇ ವೈದ್ಯರಿಗೆ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದು ಈ ಅಂತರ ತಗ್ಗಿಸಲೆಂದೇ.

ಹೃದಯಾಘಾತ, ಹೃದಯಸ್ತಂಭನ ಒಂದೇ ಅಲ್ಲ. ಹೃದಯಾಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತದೆ. ಹೃದಯಸ್ತಂಭನದಲ್ಲಿ ಬಡಿತವೇ ನಿಲ್ಲುತ್ತದೆ. ಹದಿಹರೆಯದ ಆಟಗಾರರು ಮೈದಾನದಲ್ಲಿ ಕುಸಿಯಲು ಹೆಚ್ಚಾಗಿ ವಂಶವಾಹಿಯಿಂದ ಬಂದ ಹೃದಯಸ್ನಾಯುವಿನ ಅಥವಾ ಬಡಿತದ ಲಯದ ದೋಷ ಕಾರಣ. ಇಂಥ ಹಲವು ದೋಷಗಳ ಸುಳಿವನ್ನು ಇಸಿಜಿ ಮೊದಲೇ ಕೊಡಬಲ್ಲದು. ಹೃದಯಸ್ತಂಭನವಾಗಿ ಕುಸಿದವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಗಟ್ಟಿಯಾಗಿ ಒತ್ತುತ್ತ, 108ಕ್ಕೆ ಕರೆಮಾಡಿ, ವಿದ್ಯುತ್ ಆಘಾತ ನೀಡುವ ಯಂತ್ರ ತರಿಸಬೇಕು.

ಬ್ರಿಟನ್‌ನಲ್ಲಿ 1995ರಲ್ಲಿ ಹುಟ್ಟಿದ ‘ಕಾರ್ಡಿಯಾಕ್ ರಿಸ್ಕ್ ಇನ್ ದ ಯಂಗ್’ ಸಂಸ್ಥೆ ಕ್ರೀಡಾ ತಾರೆಯರ ಬೆಂಬಲದಿಂದ ಯುವಜನರ ತಪಾಸಣೆ ನಡೆಸುತ್ತಿದೆ. ದಕ್ಷಿಣ ಕನ್ನಡದಲ್ಲಿ ಕಂಬಳದ ಓಟಗಾರರು, ಯಕ್ಷಗಾನ ಕಲಾವಿದರೇ ತಾರೆಯರು. ಅವರು ಕಾಲೇಜು ಅಂಗಳಕ್ಕೆ ಬಂದು ಎದೆ ಒತ್ತುವ ತರಬೇತಿಗೆ ಮೊದಲು ಕುಳಿತರೆ ಯುವಕರೂ ಕಲಿಯುತ್ತಾರೆ.