ಆಟದ ಮನೆಯ ಬಾಗಿಲಿನಂತೆ ಲೆಕ್ಕದ ಪುಸ್ತಕವೂ ತೆರೆದಿರಲಿ

ವಿಕಲಚೇತನ ಮಕ್ಕಳಿಗಾಗಿ ದುಡಿಯುವ ಸಣ್ಣ ಪುಟ್ಟ ಸಂಸ್ಥೆಗಳು ಇಂದು ನಮ್ಮ ಅನೇಕ ಪಟ್ಟಣಗಳಲ್ಲಿವೆ. ಬಾಡಿಗೆಯ ಒಂದು ಸಭಾಂಗಣ, ನೆಲಕ್ಕೆ ಹಾಸಿದ ದಪ್ಪ ಚಾಪೆ, ಒಂದಿಷ್ಟು ಚೆಂಡು, ಬೆನ್ನಿಗೆ ಆಸರೆಯಿರುವ ಉಯ್ಯಾಲೆ, ಮಕ್ಕಳನ್ನು ಕರೆತರಲು ಹಳೆಯದೊಂದು ವ್ಯಾನು. ಇಷ್ಟೇ ಅವುಗಳ ಬಂಡವಾಳ. ವಾರದಲ್ಲಿ ಕೆಲವು ತಾಸುಗಳ ಕಾಲ ಅಲ್ಲಿ ಮಕ್ಕಳು ಆಡುತ್ತಾರೆ, ತಾಯಂದಿರು ಸ್ವಲ್ಪ ಉಸಿರು ಬಿಡುತ್ತಾರೆ. ಇದು ಅಭಿನಂದನಾರ್ಹ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಭಿನಂದನೆಗೆ ಅರ್ಹವಾದ ಕೆಲಸವು ಪರಿಶೀಲನೆಗೆ ಅತೀತವಲ್ಲ. ವಾಸ್ತವದಲ್ಲಿ, ಕೆಲಸ ಎಷ್ಟು ಅಮೂಲ್ಯವೋ ಅದರ ಲೆಕ್ಕ ಮತ್ತು ಆಡಳಿತ ಅಷ್ಟೇ ಗಟ್ಟಿಯಾಗಿರಬೇಕು.

ಅನ್ನ, ಔಷಧ, ಶಿಕ್ಷಣಗಳಿಗೇ ಹಣವಿಲ್ಲದಿರುವಾಗ ಆಟಕ್ಕೇಕೆ ದಾನ ಎಂದು ಕೇಳುವವರಿದ್ದಾರೆ. ಆಟವು ಮಗುವಿನ ಪಾಲಿಗೆ ಐಷಾರಾಮವಲ್ಲ. ನಡೆಯಲು, ಹಿಡಿಯಲು, ಸರದಿ ಕಾಯಲು, ಸೋಲಲು, ಗೆಳೆತನ ಮಾಡಲು ಮಗು ಕಲಿಯುವುದೇ ಆಟದಲ್ಲಿ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯು, ಇತರ ಮಕ್ಕಳಿಗೆ ಸಮನಾಗಿ ಆಟ ಮತ್ತು ವಿನೋದದಲ್ಲಿ ಪಾಲ್ಗೊಳ್ಳುವ ಅವಕಾಶವನ್ನು ಈ ಮಕ್ಕಳಿಗೂ ಖಾತ್ರಿಪಡಿಸಬೇಕೆನ್ನುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ ವಿಕಲಚೇತನರಿದ್ದರು. ಆಗ ಕಾನೂನು ಗುರುತಿಸುತ್ತಿದ್ದುದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿದೆ. ಆದರೂ ನಮ್ಮ ಪಟ್ಟಣಗಳ ಎಷ್ಟು ಉದ್ಯಾನಗಳಲ್ಲಿ ಗಾಲಿಕುರ್ಚಿಯ ಮಗು ಜಾರುಬಂಡೆಯ ಬಳಿಗೆ ತಲುಪಬಲ್ಲದು?

ಬೆಂಗಳೂರಿನಲ್ಲಿ ಇಂಥ ಮಕ್ಕಳ ಹೆತ್ತವರೇ ಸೇರಿ ಕಟ್ಟಿದ 'ಕಿಲಿಕಿಲಿ' ಎಂಬ ಸಂಸ್ಥೆಯು, ಸಾರ್ವಜನಿಕ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಕೂಡಿ ಆಡಬಲ್ಲ ತಾಣಗಳನ್ನು ನಗರಪಾಲಿಕೆಯ ಸಹಯೋಗದಿಂದ ರೂಪಿಸಿತು. ಫ್ರೇಜರ್ ಟೌನ್ ಪರಿಸರದ ಕೋಲ್ಸ್ ಪಾರ್ಕ್ ಅವುಗಳಲ್ಲೊಂದು. ಹೆತ್ತವರು ಮನಸ್ಸು ಮಾಡಿದರೆ, ಸ್ಥಳೀಯ ಆಡಳಿತ ಕೈಜೋಡಿಸಿದರೆ ಏನು ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಬೇರೆ ಪಟ್ಟಣಗಳಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ದಾನದಿಂದ ನಡೆಯುವ ಪುಟ್ಟ ಸಂಸ್ಥೆಗಳೇ ಹೊತ್ತಿವೆ. ಆದ್ದರಿಂದಲೇ ಅವು ನಾಳೆಯೂ ಉಳಿಯುತ್ತವೆಯೇ ಎಂಬುದು ನಾವೆಲ್ಲರೂ ಕೇಳಬೇಕಾದ ಪ್ರಶ್ನೆ.

ದುರದೃಷ್ಟವಶಾತ್ ನಮ್ಮಲ್ಲಿ ಲೆಕ್ಕ ಕೇಳುವುದನ್ನು ಅವಮಾನವೆಂದೇ ಭಾವಿಸಲಾಗುತ್ತದೆ. "ಹಾಜಿ ಸಾಹೇಬರ ಮೇಲೆ ಸಂಶಯವೇ?" ಎಂಬ ಒಂದು ಮಾತಿಗೆ ಸಭೆ ಸ್ತಬ್ಧವಾಗುತ್ತದೆ. ಸಭೆಯಲ್ಲಿ ಕೇಳದ ಪ್ರಶ್ನೆ ಆ ಬಳಿಕ ಚಹಾದಂಗಡಿಯಲ್ಲಿ ಗುಸುಗುಸು ಆಗುತ್ತದೆ. ಎದುರಲ್ಲಿ ಕುರುಡು ವಿಶ್ವಾಸ, ಬೆನ್ನ ಹಿಂದೆ ಅಪಪ್ರಚಾರ. ಈ ಎರಡೂ ಸಂಸ್ಥೆಗೆ ಮಾರಕ. ಪ್ರಾಮಾಣಿಕ ವ್ಯಕ್ತಿಗೆ ಲಿಖಿತ ಲೆಕ್ಕಕ್ಕಿಂತ ದೊಡ್ಡ ರಕ್ಷಣೆ ಬೇರೊಂದಿಲ್ಲ.

ಕೇವಲ ಸದುದ್ದೇಶ ಸಾಲದು ಎಂಬುದಕ್ಕೆ ಲಂಡನ್ನಿನ 'ಕಿಡ್ಸ್ ಕಂಪೆನಿ'ಯ ಕತೆಯನ್ನು ನೋಡಬಹುದು. 1996ರಲ್ಲಿ ಆರಂಭವಾದ ಅದು ನಿರ್ಲಕ್ಷಿತ ಮಕ್ಕಳ ಸೇವೆಗೆ ಹೆಸರಾಗಿತ್ತು. ಬ್ರಿಟಿಷ್ ಕೇಂದ್ರ ಸರಕಾರವೊಂದೇ ಅದಕ್ಕೆ ವರ್ಷಗಳ ಅವಧಿಯಲ್ಲಿ ಕನಿಷ್ಠ 4.2 ಕೋಟಿ ಪೌಂಡ್ ನೀಡಿತ್ತು. ಆದರೂ 2015ರ ಆಗಸ್ಟ್‌ನಲ್ಲಿ, ಸರಕಾರದಿಂದ ಇನ್ನೂ 30 ಲಕ್ಷ ಪೌಂಡ್ ಪಡೆದ ಕೆಲವೇ ದಿನಗಳಲ್ಲಿ ಅದು ಹಠಾತ್ತನೆ ಬಾಗಿಲು ಮುಚ್ಚಿತು. ಆಪತ್ಕಾಲಕ್ಕೆಂದು ಹಣ ಕೂಡಿಡದ ಧೋರಣೆಯನ್ನು 2016ರಲ್ಲಿ ಸಂಸದೀಯ ಸಮಿತಿಯು ಕಟುವಾಗಿ ಟೀಕಿಸಿತು. 2021ರಲ್ಲಿ ಹೈಕೋರ್ಟು ಅದರ ಧರ್ಮದರ್ಶಿಗಳನ್ನು ಅನರ್ಹಗೊಳಿಸಬೇಕೆಂಬ ಅರ್ಜಿಯನ್ನು ತಿರಸ್ಕರಿಸಿತು. ಅಷ್ಟೇ ಅಲ್ಲ, ಮುಚ್ಚುವ ಹೊತ್ತಿಗೆ ಕೇಳಿಬಂದಿದ್ದ, ಬಳಿಕ ಆಧಾರರಹಿತವೆಂದು ಕಂಡುಬಂದ ಆರೋಪಗಳು ಇಲ್ಲದಿರುತ್ತಿದ್ದರೆ ಸಂಸ್ಥೆ ಉಳಿಯುವ ಸಾಧ್ಯತೆಯಿತ್ತೆಂದೂ ಹೇಳಿತು. ಇಲ್ಲಿರುವ ಪಾಠ ಗಂಭೀರವಾದುದು. ಸಂಸ್ಥೆ ಮುಳುಗಲು ಕಳ್ಳತನವೇ ಆಗಬೇಕೆಂದಿಲ್ಲ. ಕೂಡಿಟ್ಟ ಹಣವಿಲ್ಲದ ಮನೆಯನ್ನು ಒಂದು ಸುಳ್ಳು ಆರೋಪವೂ ಕೆಡವಬಲ್ಲದು. ಕೋರ್ಟಿನ ತೀರ್ಪು ವರ್ಷಗಳ ಬಳಿಕ ಬರಬಹುದು, ಆದರೆ ಬೀದಿಗೆ ಬಿದ್ದ ಮಕ್ಕಳಿಗೆ ಅದರಿಂದೇನು ಪ್ರಯೋಜನ?

ಹಾಗಾದರೆ ನಮ್ಮ ಊರಿನ ಸಂಸ್ಥೆಯನ್ನು ಅಳೆಯುವುದು ಹೇಗೆ?

ಮೊದಲು ಅದರ ಕಾನೂನು ಸ್ವರೂಪವನ್ನು ತಿಳಿಯಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುವ ಸಂಘವು ಪ್ರತಿವರ್ಷ ಮಹಾಸಭೆ ಕರೆಯಬೇಕು. ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಟ್ರಸ್ಟ್‌ನ ಸಂಗತಿ ಬೇರೆ. ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದ ಮಾತ್ರಕ್ಕೆ ಅದರ ವಾರ್ಷಿಕ ಲೆಕ್ಕವನ್ನು ಆ ಕಚೇರಿ ಕೇಳುವುದಿಲ್ಲ. ಟ್ರಸ್ಟ್‌ಗೆ ಸದಸ್ಯರ ಮಹಾಸಭೆಯೂ ಇರುವುದಿಲ್ಲ. ಆದ್ದರಿಂದ ಟ್ರಸ್ಟ್ ತಾನಾಗಿಯೇ ಲೆಕ್ಕ ಪ್ರಕಟಿಸದಿದ್ದರೆ ಊರಿಗೆ ಏನೂ ತಿಳಿಯದು. ಇವಲ್ಲದೆ, ವಿಕಲಚೇತನರಿಗಾಗಿ ಸಂಸ್ಥೆ ನಡೆಸುವವರು 2016ರ ಹಕ್ಕುಗಳ ಕಾಯ್ದೆಯನ್ವಯ ಪ್ರತ್ಯೇಕ ನೋಂದಣಿ ಪಡೆಯಬೇಕು. ಈ ಪ್ರಮಾಣಪತ್ರ ಗೋಡೆಯ ಮೇಲಿದೆಯೇ ಎಂದು ನೋಡಲು ಲೆಕ್ಕಪರಿಶೋಧಕರು ಬೇಕಾಗಿಲ್ಲ.

ಎರಡನೆಯದಾಗಿ, ಅಢಾವೆ ಪತ್ರಿಕೆ. ಹೆಚ್ಚಿನವರು ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ನೋಡಿ ಪುಟ ಮಗುಚುತ್ತಾರೆ. ನಿಜವಾಗಿ ಕೇಳಬೇಕಾದುದು, ನಾಳೆಯಿಂದ ದಾನ ನಿಂತರೆ ಸಂಸ್ಥೆ ಎಷ್ಟು ತಿಂಗಳು ನಡೆದೀತು ಎಂದು. ವರ್ಷಕ್ಕೆ 12 ಲಕ್ಷ ರೂಪಾಯಿ ವೆಚ್ಚವಿರುವ ಕೇಂದ್ರವೊಂದಿದೆ ಎಂದಿಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ 5 ಲಕ್ಷವಿದೆ. ಐದು ತಿಂಗಳ ನೆಮ್ಮದಿಯಿದೆ ಎಂದು ತೋರುತ್ತದೆ. ಆದರೆ ಅದರಲ್ಲಿ 4 ಲಕ್ಷವು ವ್ಯಾನಿಗೆಂದೇ ಕಂಪೆನಿಯೊಂದು ನೀಡಿದ ಹಣವಾಗಿದ್ದರೆ? ಆಗ ಕೈಯಲ್ಲಿರುವುದು ಒಂದೇ ತಿಂಗಳ ಖರ್ಚು. ಸರಕಾರಿ ಅನುದಾನ ಕೆಲವು ತಿಂಗಳು ತಡವಾದರೆ ಶಿಕ್ಷಕಿಯ ಸಂಬಳ ನಿಲ್ಲುತ್ತದೆ, ಆಕೆ ಬೇರೆ ಕೆಲಸ ಹುಡುಕುತ್ತಾಳೆ, ಆಕೆಯನ್ನೇ ನಂಬಿದ್ದ ಮಗು ಮತ್ತೆ ಮನೆಯ ಮೂಲೆ ಸೇರುತ್ತದೆ.

ಸಂಬಳಕ್ಕೆ ಹೋದ ಹಣವೆಲ್ಲ ಪೋಲು ಎಂಬ ಭಾವನೆಯೂ ನಮ್ಮಲ್ಲಿ ಬಲವಾಗಿದೆ. ಉಯ್ಯಾಲೆಗೆ ಹೆಸರಿನ ಫಲಕ ಹಾಕಿಸಲು ದಾನಿಗಳು ಮುಂದೆ ಬರುತ್ತಾರೆ, ಆದರೆ ಆ ಉಯ್ಯಾಲೆಯಲ್ಲಿ ಮಗುವನ್ನು ಕೂರಿಸುವ ಆಯಾಳ ಸಂಬಳಕ್ಕೆ ಯಾರೂ ಇಲ್ಲ. ವಿಕಲಚೇತನ ಮಗುವಿನ ಆಟದಲ್ಲಿ ಮುಖ್ಯ ಉಪಕರಣವೇ ತರಬೇತಾದ ಮನುಷ್ಯ. ಇಲ್ಲಿ ಸಂಬಳದ ಬಾಬ್ತು ದೊಡ್ಡದಾಗಿರುವುದು ದೋಷವಲ್ಲ. ದೋಷವಿರುವುದು ಕಟ್ಟಡ ಅಧ್ಯಕ್ಷರದೇ ಆಗಿದ್ದು ಬಾಡಿಗೆಯನ್ನು ಅವರೇ ನಿರ್ಧರಿಸಿದಾಗ, ಸಾಮಗ್ರಿಯನ್ನು ಕಾರ್ಯದರ್ಶಿಯ ಸೋದರನ ಅಂಗಡಿಯಿಂದಲೇ ಬೇರೆ ದರಪಟ್ಟಿ ಕೇಳದೆ ಖರೀದಿಸಿದಾಗ. ಇಂಥ ಸಂಬಂಧಗಳನ್ನು ವರದಿಯಲ್ಲಿ ಬರೆದಿಡಬೇಕು. ನಿರ್ಣಯ ಕೈಗೊಳ್ಳುವಾಗ ಸಂಬಂಧಪಟ್ಟವರು ಸಭೆಯಿಂದ ಹೊರಗಿರಬೇಕು.

ಮೂರನೆಯದು ಹಾಜರಿ ಪುಸ್ತಕ. ಮೇಲಿನ ಕೇಂದ್ರದಲ್ಲಿ 30 ಮಕ್ಕಳ ಹೆಸರಿದ್ದು ವರ್ಷದಲ್ಲಿ 200 ದಿನ ಆಟ ನಡೆದರೆ, ಎಲ್ಲರೂ ಬಂದಾಗ ಮಗುವೊಂದರ ದಿನದ ವೆಚ್ಚ 200 ರೂಪಾಯಿ. ನಿತ್ಯ ಬರುವವರು 15 ಮಂದಿ ಮಾತ್ರವಾಗಿದ್ದರೆ ಅದು 400 ರೂಪಾಯಿ. ಆಗ ಕೇಂದ್ರವನ್ನು ದೂಷಿಸುವ ಮೊದಲು ಕಾರಣ ಕೇಳಬೇಕು. ವ್ಯಾನು ಕೆಟ್ಟಿರಬಹುದು. ಹೆಣ್ಣುಮಕ್ಕಳಿಗೆ ಶೌಚಾಲಯ ಸರಿಯಿಲ್ಲದಿರಬಹುದು. ತೀವ್ರ ವೈಕಲ್ಯದ ಮಕ್ಕಳನ್ನು ನಯವಾಗಿ ಹಿಂದಕ್ಕೆ ಕಳುಹಿಸಲಾಗುತ್ತಿರಬಹುದು. ಹಾಜರಿ ಪುಸ್ತಕವು ಹಣದ ಪುಸ್ತಕ ಹೇಳದ ಸತ್ಯವನ್ನು ಹೇಳುತ್ತದೆ.

ನಾಲ್ಕನೆಯದು ಆಡಳಿತ. ಗಂಡ ಅಧ್ಯಕ್ಷ, ಹೆಂಡತಿ ಖಜಾಂಚಿ, ಮಗ ಕಾರ್ಯದರ್ಶಿ. ಇಂಥ ಮಂಡಳಿಯಲ್ಲಿ ಯಾರು ಯಾರನ್ನು ಪ್ರಶ್ನಿಸುತ್ತಾರೆ? ಅವರು ಎಷ್ಟೇ ಸಜ್ಜನರಾಗಿರಲಿ, ಒಂದು ಕಾಯಿಲೆ ಅಥವಾ ಒಂದು ಕೌಟುಂಬಿಕ ಮನಸ್ತಾಪ ಸಂಸ್ಥೆಯನ್ನೇ ನಿಲ್ಲಿಸಬಲ್ಲದು. ಮಂಡಳಿಯಲ್ಲಿ ಮಕ್ಕಳ ಹೆತ್ತವರಿರಬೇಕು, ವಿಶೇಷವಾಗಿ ತಾಯಂದಿರಿರಬೇಕು, ಸಾಧ್ಯವಾದರೆ ವಿಕಲಚೇತನರೇ ಇರಬೇಕು. ಅಧಿಕಾರಕ್ಕೆ ಅವಧಿಯ ಮಿತಿಯಿರಬೇಕು. ಚೆಕ್ಕಿಗೆ ಎರಡು ಬೇರೆ ಬೇರೆ ಕುಟುಂಬದವರ ಸಹಿಯಿರಬೇಕು. ಮಕ್ಕಳ ಸುರಕ್ಷತೆಯ ಲಿಖಿತ ನಿಯಮವಿರಬೇಕು. ದೌರ್ಜನ್ಯ ನಡೆದುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಸಂಸ್ಥೆಯ ಮಾನ ಉಳಿಸಲೆಂದು ಮುಚ್ಚಿಡುವುದು ಅಪರಾಧ. ದಾನಿಗಳ ಕಣ್ಣಲ್ಲಿ ನೀರು ತರಿಸಲಿಕ್ಕಾಗಿ ಮಗುವಿನ ಭಾವಚಿತ್ರವನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವ ಪರಿಪಾಠವೂ ನಿಲ್ಲಬೇಕು. ಮಾತಾಡಲಾಗದ ಮಗುವಿಗೂ ಮಾನವಿದೆ.

ಇನ್ನು ದಾನಿಗಳ ಹೊಣೆ. ರಮಝಾನಿನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟು ರಶೀದಿಯನ್ನೂ ಕೇಳದೆ ಹೋಗುವುದು ಔದಾರ್ಯವಾಗಿ ಕಾಣಬಹುದು, ಆದರೆ ಅದು ಸಂಸ್ಥೆಯನ್ನು ಅಶಿಸ್ತಿಗೆ ದೂಡುತ್ತದೆ. ಝಕಾತ್‌ನ ಹಕ್ಕುದಾರರು ನಿಗದಿತರು. ಆ ಹಣವನ್ನು ಬೇರೆ ಲೆಕ್ಕದಲ್ಲಿಡಬೇಕು, ಅದು ಯಾವುದಕ್ಕೆ ಬಳಕೆಯಾಗುತ್ತದೆಂದು ಕೊಡುವವನಿಗೆ ಮೊದಲೇ ತಿಳಿಸಬೇಕು. 80ಜಿ ಎಂದೇ ಜನಜನಿತವಾಗಿರುವ ತೆರಿಗೆ ರಿಯಾಯಿತಿಯು 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಸಿಗುವುದಿಲ್ಲ. ಬ್ಯಾಂಕಿನ ಮೂಲಕ ಕೊಡುವುದರಿಂದ ದಾನಿಗೂ ಸಂಸ್ಥೆಗೂ ದಾಖಲೆ ಉಳಿಯುತ್ತದೆ. ವರ್ಷಕ್ಕೊಮ್ಮೆ ಸಾವಿರಾರು ರೂಪಾಯಿ ಕೊಡುವ ಬದಲು ಅದನ್ನೇ ತಿಂಗಳಿಗೆ ಇಷ್ಟೆಂದು ಹಂಚಿ ಕೊಟ್ಟರೆ ಸಂಬಳ ನಿಲ್ಲದು. ಕೊಡುವಾಗ, ಒಂದು ಪಾಲನ್ನು ಆಪದ್ಧನವಾಗಿ ಇಡಿ ಎಂದು ಹೇಳುವ ವಿವೇಕವೂ ಬೇಕು.

ನಮ್ಮ ಜಮಾಅತ್‌ಗಳಲ್ಲಿ ಇಂದು ವಾಣಿಜ್ಯ ಪದವೀಧರರಿದ್ದಾರೆ, ಬ್ಯಾಂಕಿನ ನಿವೃತ್ತರಿದ್ದಾರೆ, ವಕೀಲರಿದ್ದಾರೆ. ವರ್ಷಕ್ಕೆ ಎರಡು ದಿನ ಕುಳಿತು ಊರಿನ ಇಂಥ ಸಂಸ್ಥೆಯ ಪುಸ್ತಕಗಳನ್ನು ಸರಿಪಡಿಸಿಕೊಟ್ಟರೆ ಅದು ಲಕ್ಷ ರೂಪಾಯಿಯ ದಾನಕ್ಕಿಂತ ಕಡಿಮೆಯದಲ್ಲ. ಸಂಸ್ಥೆಗಳೂ ಅಷ್ಟೇ, ಲೆಕ್ಕವನ್ನು ಒಂದು ಹಾಳೆಯಲ್ಲಿ ಸರಳ ಕನ್ನಡ ಮತ್ತು ಉರ್ದುವಿನಲ್ಲಿ ಬರೆದು ಬಾಗಿಲಲ್ಲೇ ತೂಗುಹಾಕಲಿ. ಮಗುವನ್ನು ಒಪ್ಪಿಸಿ ಹೋಗುವ ತಾಯಿ ಪ್ರತಿದಿನ ವಿಶ್ವಾಸದ ಅಮಾನತ್ತನ್ನು ಅಲ್ಲಿ ಇಟ್ಟು ಹೋಗುತ್ತಾಳೆ. ನಾಳೆಯೂ ಈ ಬಾಗಿಲು ತೆರೆದಿರುತ್ತದೆಯೇ ಎಂದು ತಿಳಿಯುವ ಹಕ್ಕು ಎಲ್ಲರಿಗಿಂತ ಮೊದಲು ಆಕೆಗಿದೆ.